ಹಕ್ಕಲು, ಆಯ, ಮಾಸಾಶನ: ದುಡಿಮೆಯ ಜೊತೆಗೆ ಉಳಿಯುವ ಸವಲತ್ತುಗಳ ಜಾನಪದೀಯ ವಿವೇಚನೆ

ಕೊಯ್ಲು ಮುಗಿದ ಹೊಲದಲ್ಲಿ ಉದುರಿ ಬಿದ್ದ ತೆನೆಗಳನ್ನು ಆಯ್ದುಕೊಳ್ಳುವುದಕ್ಕೆ ಕನ್ನಡ ಗ್ರಾಮೀಣ ಬದುಕಿನಲ್ಲಿ ‘ಹಕ್ಕಲು ಆಯುವುದು’ ಎಂಬ ಮಾತಿದೆ. ರಾಗಿ, ಜೋಳ, ಭತ್ತ, ಶೇಂಗಾ, ಹತ್ತಿ ಮುಂತಾದ ಬೆಳೆಗಳ ಸುಗ್ಗಿಯಲ್ಲಿ ಹೊರೆ ಕಟ್ಟಿ ಕಣಕ್ಕೆ ಸಾಗಿಸಿದ ಮೇಲೆ ನೆಲದಲ್ಲಿ ಉಳಿದದ್ದು ಹೊಲದ ಒಡೆಯನದಲ್ಲ, ಆಯ್ದುಕೊಂಡವರದು. ಅದಕ್ಕೂ ಕೈಚಾಚುವ ಒಡೆಯನನ್ನು ಊರು ಜಿಪುಣನೆಂದು ಆಡಿಕೊಳ್ಳುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹಕ್ಕಲಿಗೆ ಇಳಿಯುವವರಲ್ಲಿ ಕೆಲಸವಿಲ್ಲದ ಮುದುಕಿಯರು, ಮಕ್ಕಳು ಇರುವಂತೆಯೇ ಬೆಳಗಿನಿಂದ ಅದೇ ಹೊಲದಲ್ಲಿ ಕುಡುಗೋಲು ಹಿಡಿದು ಕೊಯ್ದ ಕೂಲಿಯ ಹೆಂಗಸರೂ ಇರುತ್ತಾರೆ. ಅವರಿಗೆ ಆ ದಿನದ ಕೂಲಿ ಸಂದಿರುತ್ತದೆ. ಆದರೂ ‘ನಿನಗೆ ಕೂಲಿ ಸಿಕ್ಕಿತಲ್ಲ, ಹಕ್ಕಲು ಏಕೆ’ ಎಂದು ಅವರನ್ನು ತಡೆಯುವ ವಾಡಿಕೆ ಇಲ್ಲ. (‘ಹಕ್ಕು’ ಎಂಬ ಪದ ಅರಬ್ಬಿ ಮೂಲದಿಂದ ಆಡಳಿತದ ಭಾಷೆಯ ಮೂಲಕ ಬಂದದ್ದು. ‘ಹಕ್ಕಲು’ ಕನ್ನಡದ್ದೇ. ಧ್ವನಿಸಾಮ್ಯವಿದ್ದ ಮಾತ್ರಕ್ಕೆ ಎರಡಕ್ಕೂ ನಂಟು ಕಲ್ಪಿಸುವುದು ಸಲ್ಲದು.)

ನೆರವು ಪಡೆಯುವ ವ್ಯಕ್ತಿ ದುಡಿಮೆಗೆ ತೊಡಗಿದ ಮೇಲೆ ಆ ನೆರವು ಉಳಿಯಬೇಕೇ, ನಿಲ್ಲಬೇಕೇ ಎಂಬ ಪ್ರಶ್ನೆ ಇಂದು ಆಡಳಿತ ಹಾಗೂ ಅರ್ಥಶಾಸ್ತ್ರದ ಪ್ರಶ್ನೆಯಾಗಿ ಚರ್ಚಿತವಾಗುತ್ತಿದೆ. ಜಾನಪದ ಅಧ್ಯಯನಕ್ಕೂ ಅದರೊಡನೆ ಎರಡು ಬಗೆಯ ಸಂಬಂಧವಿದೆ. ಪಡಿತರ ಚೀಟಿ, ವಿಧವಾ ವೇತನ, ಕಲಾವಿದರ ಮಾಸಾಶನ ಇವುಗಳ ಫಲಾನುಭವಿಗಳಲ್ಲಿ ಬಹುಮಂದಿ ಜಾನಪದ ಸಂಸ್ಕೃತಿಯ ವಾರಸುದಾರರೇ ಆಗಿದ್ದಾರೆ ಎಂಬುದು ಒಂದು. ಈ ಯೋಜನೆಗಳ ನಿಯಮಗಳು ಊರಿನಲ್ಲಿ ಬದುಕಿರುವುದು ಮುದ್ರಿತ ಆದೇಶಗಳಾಗಿ ಅಲ್ಲ, ಬಾಯಿಂದ ಬಾಯಿಗೆ ಸಾಗುವ ಮಾತುಗಳಾಗಿ ಎಂಬುದು ಇನ್ನೊಂದು. ‘ಕೂಲಿಗೆ ಹೆಸರು ಬರೆಸಿದರೆ ಕಾರ್ಡು ಹೋಗುತ್ತದೆ’ ಎಂಬ ಮಾತು ಕರ್ನಾಟಕದ ಹಲವು ಭಾಗಗಳ ಜಗಲಿಗಳಲ್ಲಿ ಕೇಳಿಬರುತ್ತದೆ. ಅದು ಎಷ್ಟು ನಿಜ, ಎಷ್ಟು ಸುಳ್ಳು, ಮತ್ತು ಸುಳ್ಳಾಗಿರುವೆಡೆಯಲ್ಲಿಯೂ ಅದು ಏಕೆ ಬೇರುಬಿಟ್ಟಿದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕಣದಲ್ಲಿ ಸಲ್ಲುತ್ತಿದ್ದ ಪಾಲು

ಹಳೆಯ ಗ್ರಾಮವ್ಯವಸ್ಥೆಯಲ್ಲಿ ದುಡಿಮೆಗೂ ನೆರವಿಗೂ ಇಂದಿನಂತೆ ಗೆರೆ ಎಳೆದಿರಲಿಲ್ಲ. ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ತೋಟಿ, ನೀರಗಂಟಿ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದಲ್ಲಿಯೇ ಆಯ ಸಲ್ಲುತ್ತಿತ್ತು. ರಾಶಿಪೂಜೆಯಾಗಿ, ಧಾನ್ಯ ಮನೆಯ ಕಣಜ ಸೇರುವ ಮೊದಲೇ ಮೊರದಲ್ಲಿಯೋ ಕೊಳಗದಲ್ಲಿಯೋ ಅಳೆದು ಕೊಡುವ ಈ ಪಾಲು ದಿನಗೂಲಿಯಲ್ಲ, ಭಿಕ್ಷೆಯೂ ಅಲ್ಲ. ವರ್ಷವಿಡೀ ನೇಗಿಲು ಸರಿಪಡಿಸುವ ಬಡಗಿಗೆ ಆಯ ಇದ್ದರೂ ಹೊಸ ಗಾಡಿ ಮಾಡಿಸಿದರೆ ಅದರ ಕೂಲಿಯನ್ನು ಬೇರೆಯಾಗಿಯೇ ಕೊಡಬೇಕಾಗಿತ್ತು. ಆ ಕೂಲಿ ಬಂತೆಂದು ಸುಗ್ಗಿಯ ಆಯದಲ್ಲಿ ಕಡಿತ ಮಾಡುವ ಪದ್ಧತಿ ಇರಲಿಲ್ಲ. ಆಯಕ್ಕೆ ಆಧಾರ ಅವನ ಬಡತನವಲ್ಲ, ಊರಿನಲ್ಲಿ ಅವನಿಗಿದ್ದ ಸ್ಥಾನ.

ಇದೇ ತತ್ತ್ವ ವೃತ್ತಿಗಾಯಕರ ಸಂಪ್ರದಾಯಗಳಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳುವ ಹೆಳವರು ಕೆಲವು ವರ್ಷಗಳಿಗೊಮ್ಮೆ ತಮಗೆ ಸೇರಿದ ಮನೆಗಳಿಗೆ ಬರುತ್ತಾರೆ. ಯಾವ ಮನೆತನ ಯಾರಿಗೆ ಸೇರಿದ್ದು ಎಂಬುದು ಅವರೊಳಗೆ ಹಂಚಿಕೆಯಾಗಿರುತ್ತದೆ. ಧಾನ್ಯ, ಬಟ್ಟೆ, ಕೆಲವೊಮ್ಮೆ ದನಕರುಗಳನ್ನು ಅವರು ಪಡೆಯುವುದು ಬೇಡಿ ಅಲ್ಲ, ಕೇಳಿ. ಬೇಸಾಯಕ್ಕೆ ಇಳಿದು ನೆಲೆನಿಂತ ಹೆಳವನೂ ತನ್ನ ಮನೆತನಗಳ ಮೇಲಿನ ಈ ಅಧಿಕಾರವನ್ನು ಬಿಟ್ಟುಕೊಡುವುದಿಲ್ಲ. ಮಂಟೇಸ್ವಾಮಿ, ಸಿದ್ದಪ್ಪಾಜಿಯವರ ಪರಂಪರೆಯ ನೀಲಗಾರರ ಕೋರಣ್ಯ ಇದಕ್ಕಿಂತ ಭಿನ್ನವಾದದ್ದು. ಅಲ್ಲಿ ಭಿಕ್ಷೆ ದೀಕ್ಷೆಯ ಅಂಗ. ಹೊಲದಲ್ಲಿ ದುಡಿದು ಉಣ್ಣುವ ನೀಲಗಾರನೂ ಕೋರಣ್ಯಕ್ಕೆ ಹೋಗಬೇಕು. ದುಡಿಮೆ ಅವನನ್ನು ಅದರಿಂದ ಬಿಡುಗಡೆ ಮಾಡುವುದಿಲ್ಲ, ಅನರ್ಹಗೊಳಿಸುವುದೂ ಇಲ್ಲ.

ಹೀಗೆಂದು ಈ ವ್ಯವಸ್ಥೆಯನ್ನು ಆದರ್ಶವೆಂದು ಬಗೆಯುವುದು ತಪ್ಪಾಗುತ್ತದೆ. ಜಾನಪದ ಬರಹಗಳಲ್ಲಿ ಆಯ ಪದ್ಧತಿಯನ್ನು ಸಾಮರಸ್ಯದ ಕುರುಹಾಗಿ ಕೊಂಡಾಡುವ ಪರಿಪಾಠವೊಂದು ಬೆಳೆದಿದೆ, ಅದನ್ನು ಒಪ್ಪಲಾಗದು. ಆಯದ ಪ್ರಮಾಣ ಜಾತಿಯ ಶ್ರೇಣಿಯನ್ನು ಅನುಸರಿಸಿತ್ತು. ತೋಟಿಗೆ ಆಯವಿತ್ತು, ಆದರೆ ಚಾಕರಿಯನ್ನು ಒಲ್ಲೆನೆನ್ನುವ ಸ್ವಾತಂತ್ರ್ಯವಿರಲಿಲ್ಲ. ಬಿಟ್ಟಿಗೂ ಆಯಕ್ಕೂ ನಡುವಣ ಅಂತರ ಕೆಳಗಿನ ಜಾತಿಗಳಿಗೆ ಬಂದಂತೆ ತೀರ ತೆಳುವಾಗುತ್ತಿತ್ತು. ೧೯೬೧ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ವಂಶಪಾರಂಪರ್ಯ ಹುದ್ದೆಗಳನ್ನು ಕೊನೆಗೊಳಿಸಿ, ಆ ಚಾಕರಿಗಾಗಿ ಬಿಟ್ಟಿದ್ದ ಇನಾಂ ಭೂಮಿಯನ್ನು ಹುದ್ದೆದಾರರಿಗೆ ಮರುಮಂಜೂರು ಮಾಡಲು ಅವಕಾಶ ನೀಡಿದ್ದು ಈ ದೃಷ್ಟಿಯಿಂದ ಮಹತ್ವದ್ದು. ಚಾಕರಿ ಹೋಗಿಯೂ ಅದರ ಫಲ ಉಳಿಯಬಹುದೆಂಬ ತತ್ತ್ವವನ್ನು ಕಾನೂನು ಅಲ್ಲಿ ಒಪ್ಪಿಕೊಂಡಿತು. ಆಧುನಿಕ ಕಲ್ಯಾಣ ಯೋಜನೆಗಳ ಎದುರು ಇರುವ ಪ್ರಶ್ನೆ ಇದರ ತಿರುವು: ಚಾಕರಿ ಬಂದ ಮೇಲೆ ನೆರವು ಉಳಿಯಬಹುದೇ?

ಚೀಟಿ ಎಂಬ ತಾಯಿಬೇರು

ಸ್ಥಾನದ ಬದಲಿಗೆ ಆದಾಯವನ್ನು ಅಳತೆಗೋಲಾಗಿ ಹಿಡಿದದ್ದು ಆಧುನಿಕ ಪ್ರಭುತ್ವ. ಬಡತನ ರೇಖೆಯ ಕೆಳಗಿನವರು, ಮೇಲಿನವರು ಎಂಬ ವಿಂಗಡಣೆ ೧೯೯೭ರಲ್ಲಿ ಪಡಿತರ ವ್ಯವಸ್ಥೆಯೊಳಕ್ಕೆ ಬಂದಿತು. ೨೦೦೦ದ ಡಿಸೆಂಬರಿನಲ್ಲಿ ಅಂತ್ಯೋದಯ ಅನ್ನ ಯೋಜನೆ ಆರಂಭವಾಯಿತು. ೨೦೦೧ರ ನವೆಂಬರ್ ೨೮ರಂದು ಸರ್ವೋಚ್ಚ ನ್ಯಾಯಾಲಯ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ನೀಡಿದ ಮಧ್ಯಂತರ ಆದೇಶ ಪಡಿತರ, ಅಂತ್ಯೋದಯ, ಬಿಸಿಯೂಟ, ವೃದ್ಧಾಪ್ಯ ವೇತನ ಸೇರಿದಂತೆ ಎಂಟು ಯೋಜನೆಗಳ ಸವಲತ್ತುಗಳನ್ನು ಸರ್ಕಾರದ ಔದಾರ್ಯದಿಂದ ಬಿಡಿಸಿ ಕಾನೂನುಬದ್ಧ ಹಕ್ಕುಗಳನ್ನಾಗಿಸಿತು. ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಗ್ರಾಮೀಣ ಜನಸಂಖ್ಯೆಯ ಶೇಕಡ ೭೫ರವರೆಗೆ, ನಗರ ಜನಸಂಖ್ಯೆಯ ಶೇಕಡ ೫೦ರವರೆಗೆ ಧಾನ್ಯದ ಹಕ್ಕನ್ನು ವಿಸ್ತರಿಸಿತು. ಆದ್ಯತಾ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ ೫ ಕಿಲೋ, ಅಂತ್ಯೋದಯ ಕುಟುಂಬಕ್ಕೆ ೩೫ ಕಿಲೋ. ೨೦೨೩ರ ಜನವರಿಯಿಂದ ಈ ಧಾನ್ಯ ಉಚಿತವಾಗಿದೆ.

ನಾಲ್ವರಲ್ಲಿ ಮೂವರು ಹಳ್ಳಿಗರಿಗೆ ಸಲ್ಲುವ ಹಕ್ಕು ದುಡಿಯದವರಿಗೆ ಮಾತ್ರ ಮೀಸಲಾಗಿರಲು ಸಾಧ್ಯವಿಲ್ಲ ಎಂಬುದು ಈ ಅಂಕಿಯಿಂದಲೇ ಸ್ಪಷ್ಟವಾಗುತ್ತದೆ. ಕೂಲಿ ಮಾಡುವುದು ಚೀಟಿಗೆ ಅಡ್ಡಿಯಲ್ಲ. ಕರ್ನಾಟಕದಲ್ಲಿ ಅಡ್ಡಿಯಾಗುವುದು ಕುಟುಂಬದ ವಾರ್ಷಿಕ ಆದಾಯ ೧,೨೦,೦೦೦ ರೂಪಾಯಿ ಮೀರುವುದು, ಸರ್ಕಾರಿ ನೌಕರಿ, ಆದಾಯ ತೆರಿಗೆ ಪಾವತಿ, ನಿಗದಿತ ಮಿತಿಗಿಂತ ಹೆಚ್ಚಿನ ಜಮೀನು, ಸ್ವಂತಕ್ಕೆ ಬಳಸುವ ನಾಲ್ಕು ಚಕ್ರದ ವಾಹನ ಇಂಥವು. ಈ ಕೊನೆಯ ನಿಯಮದಲ್ಲಿರುವ ವಿನಾಯಿತಿ ಸ್ವಾರಸ್ಯಕರವಾಗಿದೆ. ಜೀವನೋಪಾಯಕ್ಕಾಗಿ ತಾನೇ ಓಡಿಸುವ ಒಂದು ಬಾಡಿಗೆ ವಾಹನವಿದ್ದರೆ ಅದನ್ನು ಸಿರಿತನವೆಂದು ಎಣಿಸುವಂತಿಲ್ಲ. ಕಮ್ಮಾರನ ತಿದಿಯನ್ನೋ ಬಡಗಿಯ ಉಳಿಯನ್ನೋ ಆಸ್ತಿಯೆಂದು ಲೆಕ್ಕಹಾಕದ ಹಳೆಯ ವಿವೇಕ ಇಲ್ಲಿ ಹೇಗೋ ಉಳಿದುಕೊಂಡಿದೆ.

ಹಾಗಿದ್ದರೂ ಭಯವೇಕೆ? ಚೀಟಿ ಅಕ್ಕಿಗೆ ಮಾತ್ರ ಸಂಬಂಧಿಸಿಲ್ಲ ಎಂಬುದು ಇದಕ್ಕೆ ಮುಖ್ಯ ಕಾರಣ. ೨೦೧೮ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಆದ್ಯತಾ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ; ಉಳಿದವರಿಗೆ ಸರ್ಕಾರ ಭರಿಸುವುದು ವೆಚ್ಚದ ಒಂದು ಭಾಗವನ್ನು ಮಾತ್ರ. ರಾಷ್ಟ್ರೀಯ ಪಿಂಚಣಿ ಯೋಜನೆಗಳಿಗೂ ಬಡತನ ರೇಖೆಯೇ ಬಾಗಿಲು. ಹೀಗೆ ಒಂದು ಚೀಟಿ ಅನೇಕ ಸವಲತ್ತುಗಳ ತಾಯಿಬೇರಾಗಿದೆ. ಬೇರು ಕಡಿದರೆ ಮರವೇ ಉರುಳುತ್ತದೆಂದು ಜನ ಬಲ್ಲರು. ಗಾರ್ಮೆಂಟ್ ಕಾರ್ಖಾನೆಗೆ ಮಗಳನ್ನು ಕಳುಹಿಸುವ ಕುಟುಂಬದ ಲೆಕ್ಕಾಚಾರವನ್ನು ನೋಡಬಹುದು. ಸಂಬಳ ತಿಂಗಳಿಗೆ ೧೦,೦೦೦ ರೂಪಾಯಿಯನ್ನು ಸ್ವಲ್ಪ ದಾಟಿದರೂ ಅವಳೊಬ್ಬಳ ದುಡಿಮೆಯಿಂದಲೇ ಇಡೀ ಕುಟುಂಬ ಆದಾಯ ಮಿತಿಯ ಆಚೆಗೆ ಹೋಗುತ್ತದೆ. ಭವಿಷ್ಯನಿಧಿ ಕಡಿತವಾಗುವ ಸಂಬಳಕ್ಕೆ ದಾಖಲೆ ಇದೆ. ಹೊಲದ ಕೂಲಿಗೆ ದಾಖಲೆ ಇಲ್ಲ. ದಾಖಲೆಯಿಲ್ಲದ ದುಡಿಮೆ ಸುರಕ್ಷಿತ, ದಾಖಲೆಯಿರುವ ದುಡಿಮೆ ಅಪಾಯಕಾರಿ ಎಂಬ ವಿಚಿತ್ರ ತಿಳಿವಳಿಕೆ ಹುಟ್ಟುವುದು ಇಲ್ಲಿಯೇ. ಕಾರ್ಖಾನೆಯ ಕೆಲಸದೊಡನೆ ಬರುವ ಇ.ಎಸ್.ಐ. ಚಿಕಿತ್ಸೆ, ಭವಿಷ್ಯನಿಧಿಗಳು ಕಳೆದುಕೊಳ್ಳುವುದಕ್ಕೆ ಪ್ರತಿಯಾಗಿ ದೊರೆಯುವಂಥವು. ಆದರೆ ಕೆಲಸ ಬಿಟ್ಟ ತಿಂಗಳು ಚೀಟಿ ತಾನಾಗಿ ಮರಳಿ ಬರುವುದಿಲ್ಲ.

೨೦೨೪ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಿ.ಪಿ.ಎಲ್. ಚೀಟಿಗಳ ಪರಿಷ್ಕರಣೆ ನಡೆದಾಗ ಈ ಆತಂಕ ಬೀದಿಗೆ ಬಂದಿತು. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿಸುವವರನ್ನು ಬಿಟ್ಟು ಇತರರ ಚೀಟಿಗಳನ್ನು ರದ್ದುಪಡಿಸಬಾರದೆಂದು ಕೊನೆಗೆ ಸರ್ಕಾರವೇ ಸ್ಪಷ್ಟಪಡಿಸಬೇಕಾಯಿತು. ತೆರಿಗೆ ವಿವರ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಸಾಲಕ್ಕಾಗಿ ವಿವರ ಸಲ್ಲಿಸಿದ ಸಣ್ಣ ವ್ಯಾಪಾರಿಗೆ ಈ ವ್ಯತ್ಯಾಸವನ್ನು ಮೊದಲೇ ತಿಳಿಸುವವರು ವಿರಳ.

ತೊಂಬತ್ತೆರಡನೆಯ ದಿನ

ಪಿಂಚಣಿಗಳ ವಿಚಾರ ಪಡಿತರಕ್ಕಿಂತ ಜಟಿಲವಾಗಿದೆ. ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ೧೯೯೫ರ ಆಗಸ್ಟ್ ೧೫ರಂದು ಆರಂಭವಾಯಿತು. ೨೦೦೯ರಲ್ಲಿ ಅದರೊಳಗೆ ವಿಧವಾ ಪಿಂಚಣಿ ಮತ್ತು ತೀವ್ರ ಅಂಗವಿಕಲರ ಪಿಂಚಣಿಗಳು ಸೇರಿದವು. ಅವುಗಳ ಮಾರ್ಗಸೂಚಿಯ ಪ್ರಕಾರ ವಿಧವೆ ಮರುಮದುವೆಯಾದರೆ ಅಥವಾ ಫಲಾನುಭವಿ ಬಡತನ ರೇಖೆಯಿಂದ ಮೇಲೆ ಬಂದರೆ ಪಿಂಚಣಿ ನಿಲ್ಲುತ್ತದೆ. ಕೆಲಸಕ್ಕೆ ಸೇರಿದರೆ ನಿಲ್ಲುತ್ತದೆ ಎಂದಲ್ಲ. ಆದರೆ ‘ರೇಖೆಯಿಂದ ಮೇಲೆ ಬರುವುದು’ ಯಾವ ದಿನ, ಯಾರ ಲೆಕ್ಕದಲ್ಲಿ ಎಂಬುದು ಫಲಾನುಭವಿಗೆ ಗೋಚರಿಸುವಂಥದ್ದಲ್ಲ.

ಕರ್ನಾಟಕ ಸರ್ಕಾರ ೨೦೦೭ರಲ್ಲಿ ಜಾರಿಗೆ ತಂದ ಸಂಧ್ಯಾ ಸುರಕ್ಷಾ ಯೋಜನೆ ಈ ನಿಟ್ಟಿನಲ್ಲಿ ಒಂದು ಭಿನ್ನ ನಡೆಯಾಗಿತ್ತು. ೬೫ ವರ್ಷ ಮೀರಿದ ಸಣ್ಣ ಮತ್ತು ಅತಿಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು, ಅಸಂಘಟಿತ ವಲಯದ ಕಾರ್ಮಿಕರನ್ನು ಅದು ಫಲಾನುಭವಿಗಳೆಂದು ಹೆಸರಿಸಿತು. ನಿರ್ಗತಿಕತೆಯನ್ನು ಬಿಟ್ಟು ಬದುಕಿನುದ್ದಕ್ಕೂ ಮಾಡಿದ ದುಡಿಮೆಯನ್ನೇ ಅರ್ಹತೆಯಾಗಿ ಹಿಡಿದದ್ದು ಆಯದ ತರ್ಕಕ್ಕೆ ಸಮೀಪವಾದದ್ದು ಎನ್ನಬಹುದು. ಆದರೆ ಅದರ ಜೊತೆಗೇ ದಂಪತಿಗಳ ವಾರ್ಷಿಕ ಆದಾಯ ೨೦,೦೦೦ ರೂಪಾಯಿ ಮೀರಬಾರದು, ಬ್ಯಾಂಕಿನ ಠೇವಣಿ ೧೦,೦೦೦ ರೂಪಾಯಿ ಮೀರಬಾರದು ಎಂಬ ಷರತ್ತುಗಳೂ ಇದ್ದವು. ರಾಜ್ಯದ ಸಾಮಾಜಿಕ ಭದ್ರತಾ ಪಿಂಚಣಿಗಳ ಆದಾಯ ಮಿತಿ ಮುಂದೆ ೩೨,೦೦೦ ರೂಪಾಯಿಗೆ ಏರಿತು.

ಈ ೩೨,೦೦೦ ರೂಪಾಯಿಯನ್ನು ಇನ್ನೊಂದು ಸರ್ಕಾರಿ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ೨೦೦೫ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆ ಪ್ರತಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ ನೂರು ದಿನಗಳ ಕೂಲಿಯ ಹಕ್ಕನ್ನು ನೀಡಿತು. ೨೦೦೬ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಮೊದಲಿಗೆ ಬೀದರ್, ಗುಲಬರ್ಗಾ, ರಾಯಚೂರು, ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಅದು ಜಾರಿಗೆ ಬಂದಿತು. ಆ ಕಾಯಿದೆಯಡಿ ಉದ್ಯೋಗ ಚೀಟಿ ಪಡೆಯಲು ಬಿ.ಪಿ.ಎಲ್. ಆಗಿರಬೇಕಾಗಿರಲಿಲ್ಲ. ಉದ್ಯೋಗ ಚೀಟಿ ಪಡೆದರೆ ಪಡಿತರ ಚೀಟಿ ಹೋಗುವುದೆಂಬ ನಿಯಮವೂ ಇರಲಿಲ್ಲ. ೨೦೨೪–೨೫ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ ೩೪೯ ರೂಪಾಯಿ. ಮನೆಯಲ್ಲಿ ಒಬ್ಬಳೇ ಇರುವ ವಿಧವೆ ನೂರು ದಿನವೂ ದುಡಿದರೆ ಅವಳ ಗಳಿಕೆ ೩೪,೯೦೦ ರೂಪಾಯಿ. ೯೧ನೆಯ ದಿನದ ಸಂಜೆಗೆ ೩೧,೭೫೯. ೯೨ನೆಯ ದಿನದ ಸಂಜೆಗೆ ೩೨,೧೦೮. ಕೂಲಿ ೩೭೦ ರೂಪಾಯಿಗೆ ಏರಿದ ೨೦೨೫–೨೬ರಲ್ಲಿ ಆ ದಿನ ೮೭ನೆಯದಕ್ಕೆ ಹಿಂದೆ ಸರಿಯಿತು. ಒಂದು ಕೈಯಿಂದ ನೂರು ದಿನ ದುಡಿ ಎಂದು ಕರೆದ ಪ್ರಭುತ್ವ ಇನ್ನೊಂದು ಕೈಯಿಂದ ಅಷ್ಟು ದುಡಿದವಳು ಬಡವಳಲ್ಲ ಎಂದು ಹೇಳಿದಂತಾಯಿತು. ೨೦೨೫ರ ಡಿಸೆಂಬರಿನಲ್ಲಿ ಸಂಸತ್ತು ೨೦೦೫ರ ಕಾಯಿದೆಯ ಸ್ಥಾನದಲ್ಲಿ ೧೨೫ ದಿನಗಳ ಖಾತರಿಯ ಹೊಸ ಕಾಯಿದೆಯನ್ನು ಅಂಗೀಕರಿಸಿದೆ. ದಿನಗಳು ಹೆಚ್ಚಿದಷ್ಟೂ ಈ ಎರಡು ಅಂಕಿಗಳ ಅಂತರ ಹಿಗ್ಗುವುದೇ ಹೊರತು ಕುಗ್ಗದು.

ವ್ಯವಹಾರದಲ್ಲಿ ಹೀಗೆ ದಿನ ಎಣಿಸಿ ಪಿಂಚಣಿ ಕಡಿಯುವುದಿಲ್ಲ. ಕಂದಾಯ ಇಲಾಖೆ ನೀಡುವ ಆದಾಯ ಪ್ರಮಾಣಪತ್ರ ಐದು ವರ್ಷ ಊರ್ಜಿತವಾಗಿರುತ್ತದೆ. ಅದರಲ್ಲಿರುವ ಮೊತ್ತ ಅಂದಾಜಿನದು. ಈ ಸಡಿಲಿಕೆಯೇ ಫಲಾನುಭವಿಯನ್ನು ಕಾಪಾಡುತ್ತಿದೆ, ಅದೇ ಅವಳನ್ನು ಅಂಜಿಸುತ್ತಲೂ ಇದೆ. ಏಕೆಂದರೆ ನಿಯಮವನ್ನು ಅಕ್ಷರಶಃ ಓದುವ ಅಧಿಕಾರಿ ನಾಳೆ ಬರಬಹುದು. ‘ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ’ ಎಂಬ ಗಾದೆಯನ್ನು ಜನ ಕಚೇರಿಯ ಸಂದರ್ಭಕ್ಕೆ ಅನ್ವಯಿಸುವುದು ಸುಮ್ಮನೆ ಅಲ್ಲ. ಪರಿಣಾಮವಾಗಿ ಕೆಲವರು ಹಾಜರಿಪಟ್ಟಿಗೆ ತಮ್ಮ ಹೆಸರು ಕೊಡದೆ ಮಗನ ಅಥವಾ ಸೊಸೆಯ ಹೆಸರಿನಲ್ಲಿ ಕೆಲಸಕ್ಕೆ ನಿಲ್ಲುವುದುಂಟು. ಹಾಗೆ ಮಾಡಿದವರು ಇಲ್ಲದ ಅಪಾಯದಿಂದ ತಪ್ಪಿಸಿಕೊಳ್ಳಲು ಇರುವ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಕೆಲಸದ ಸ್ಥಳದಲ್ಲಿ ಗಾಯವಾದರೆ ಚಿಕಿತ್ಸೆ, ಪರಿಹಾರ ಕೇಳಲು ಅವರ ಹೆಸರು ಎಲ್ಲಿಯೂ ಇರುವುದಿಲ್ಲ.

ಇಳಿಜಾರು ಮತ್ತು ಕಡಿದು

ಹೊರದೇಶಗಳ ಕೆಲವು ವ್ಯವಸ್ಥೆಗಳೊಡನೆ ಹೋಲಿಸಿದಾಗ ನಮ್ಮ ನಿಯಮಗಳ ಸ್ವರೂಪ ಸ್ಪಷ್ಟವಾಗುತ್ತದೆ. ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ೨೦೨೧ರ ಕೊನೆಯಿಂದ, ವಿನಾಯಿತಿಯ ಮೊತ್ತ ಕಳೆದು ಉಳಿದ ಪ್ರತಿ ಒಂದು ಪೌಂಡ್ ಗಳಿಕೆಗೆ ೫೫ ಪೆನ್ಸ್‌ನಷ್ಟು ನೆರವು ಕಡಿಮೆಯಾಗುತ್ತದೆ; ಅದಕ್ಕೆ ಮೊದಲು ೬೩ ಪೆನ್ಸ್ ಕಡಿಮೆಯಾಗುತ್ತಿತ್ತು. ಅಮೆರಿಕದಲ್ಲಿ ವೃದ್ಧರಿಗೂ ಅಂಗವಿಕಲರಿಗೂ ಇರುವ ಪೂರಕ ಭದ್ರತಾ ಆದಾಯ ಯೋಜನೆ ತಿಂಗಳ ದುಡಿಮೆಯಲ್ಲಿ ಮೊದಲ ೬೫ ಡಾಲರನ್ನು ಬಿಟ್ಟು, ಉಳಿದುದರ ಅರ್ಧವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ದುಡಿಮೆಯಿಂದ ನಗದು ನೆರವು ಪೂರ್ಣ ನಿಂತ ಅಂಗವಿಕಲನಿಗೂ ಒಂದು ಮಿತಿಯವರೆಗೆ ಸರ್ಕಾರಿ ವೈದ್ಯಕೀಯ ನೆರವು ಮುಂದುವರಿಯುತ್ತದೆ. ಇವು ಇಳಿಜಾರಿನಂಥ ವ್ಯವಸ್ಥೆಗಳು. ಗಳಿಕೆ ಏರಿದಂತೆ ನೆರವು ಮೆಲ್ಲನೆ ಇಳಿಯುತ್ತದೆ. ದುಡಿದವನ ಕೈಯಲ್ಲಿ ದುಡಿಯದಿದ್ದಾಗಿನದಕ್ಕಿಂತ ಹೆಚ್ಚು ಹಣವೇ ಉಳಿಯುತ್ತದೆ. ನಮ್ಮದು ಕಡಿದಾದ ದಂಡೆ. ೩೨,೦೦೦ ರೂಪಾಯಿವರೆಗೆ ಪೂರ್ಣ ಪಿಂಚಣಿ, ಒಂದು ರೂಪಾಯಿ ಹೆಚ್ಚಾದರೆ ಏನೂ ಇಲ್ಲ.

ಇಳಿಜಾರಿನ ವ್ಯವಸ್ಥೆಯೂ ನಿರ್ದೋಷವಲ್ಲ. ೧೭೯೫ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್ ಪ್ರಾಂತದ ನ್ಯಾಯಾಧಿಕಾರಿಗಳು ಸ್ಪೀನ್‌ಹ್ಯಾಮ್‌ಲ್ಯಾಂಡ್‌ನಲ್ಲಿ ಸೇರಿ, ರೊಟ್ಟಿಯ ಬೆಲೆಗೆ ಅನುಗುಣವಾಗಿ ಕೂಲಿಕಾರರ ಕೂಲಿಗೆ ಪೂರಕವಾಗಿ ನೆರವು ಕೊಡುವ ಕ್ರಮ ತಂದರು. ಉಳಿದದ್ದನ್ನು ನೆರವು ತುಂಬುತ್ತದೆಂದು ಒಡೆಯರು ಕೂಲಿಯನ್ನೇ ಇಳಿಸಿದರೆಂಬ ಆಕ್ಷೇಪ ಬಂದು ೧೮೩೪ರ ಬಡವರ ಕಾಯಿದೆ ಆ ದಾರಿಯನ್ನು ಮುಚ್ಚಿತು. ಆ ಆಕ್ಷೇಪ ಎಷ್ಟು ಸರಿ ಎಂಬ ಬಗ್ಗೆ ಇತಿಹಾಸಕಾರರಲ್ಲಿ ವಾದಗಳಿವೆ. ಭಾರತದಲ್ಲಿ ಇಳಿಜಾರು ಇಲ್ಲದಿರಲು ಕಾರಣ ಈ ವಾದಗಳಲ್ಲ. ತಿಂಗಳ ಗಳಿಕೆಯನ್ನು ಅಳೆಯುವ ಸಾಧನವೇ ಇಲ್ಲಿಲ್ಲ. ಕಳೆ ಕೀಳುವ ಹೆಂಗಸಿನ ನವೆಂಬರ್ ತಿಂಗಳ ಆದಾಯವನ್ನು ಯಾವ ಕಚೇರಿಯೂ ಹೇಳಲಾರದು.

ಎಲ್ಲ ಯೋಜನೆಗಳೂ ಆದಾಯವನ್ನೇ ನೋಡುವುದಿಲ್ಲ. ೨೦೨೩ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ ೨,೦೦೦ ರೂಪಾಯಿ ನಿಗದಿಯಾಗಿದೆ. ಅವಳು ಅಥವಾ ಅವಳ ಪತಿ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಜಿ.ಎಸ್.ಟಿ. ವಿವರ ಸಲ್ಲಿಸುವವರಾಗಿರಬಾರದು ಎಂಬುದಷ್ಟೇ ಷರತ್ತು. ಕೂಲಿ, ಗಾರ್ಮೆಂಟ್, ಮನೆಗೆಲಸ ಯಾವುದೂ ಅಡ್ಡಿಯಲ್ಲ. ಇದಕ್ಕೆ ವಿರುದ್ಧವಾಗಿ ಯುವನಿಧಿ ಉದ್ಯೋಗ ದೊರೆತ ಕೂಡಲೆ ನಿಲ್ಲುವ ನೆರವು. ಪದವೀಧರರಿಗೆ ೩,೦೦೦, ಡಿಪ್ಲೊಮಾ ಪಡೆದವರಿಗೆ ೧,೫೦೦ ರೂಪಾಯಿಯಂತೆ ಹೆಚ್ಚೆಂದರೆ ಎರಡು ವರ್ಷ ಸಲ್ಲುವ ಇದಕ್ಕೆ ನಿರುದ್ಯೋಗವೇ ಅರ್ಹತೆ. ಇವೆರಡನ್ನೂ ಒಟ್ಟಿಗೆ ಕೇಳಿದ ಮನೆಯಲ್ಲಿ ಮಗನ ಯೋಜನೆಯ ನಿಯಮವನ್ನು ತಾಯಿಯ ಯೋಜನೆಗೆ ಅಂಟಿಸಿ ಹೇಳುವುದು ಸಹಜ. ಇನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸವಲತ್ತುಗಳು ದುಡಿಮೆಯಿಂದಲೇ ಹುಟ್ಟುವಂಥವು. ಹಿಂದಿನ ಹನ್ನೆರಡು ತಿಂಗಳಲ್ಲಿ ೯೦ ದಿನ ಕೆಲಸ ಮಾಡಿದ, ೧೮ರಿಂದ ೬೦ ವರ್ಷದೊಳಗಿನ ಕಾರ್ಮಿಕರಿಗೆ ಮಾತ್ರ ಅಲ್ಲಿ ನೋಂದಣಿ.

ಕಲಾವಿದರ ಸಂದರ್ಭ

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟಪರಿಸ್ಥಿತಿಯಲ್ಲಿರುವ ೫೮ ವರ್ಷ ಮೀರಿದ ಕಲಾವಿದರಿಗೆ ನೀಡುವ ಮಾಸಾಶನ ಈ ಚರ್ಚೆಯಲ್ಲಿ ವಿಶೇಷ ಸ್ಥಾನ ಪಡೆಯುತ್ತದೆ. ಮಾಸಾಶನ ಎಂಬ ಪದವೇ ತಿಂಗಳ ಅನ್ನ ಎಂಬ ಅರ್ಥದ್ದು. ಅದು ಪುರಸ್ಕಾರವೋ ನೆರವೋ ಎಂಬ ದ್ವಂದ್ವ ಆರಂಭದಿಂದಲೂ ಇದೆ. ಅರ್ಜಿಯಲ್ಲಿ ಕಲಾವಿದ ತನ್ನ ಸಾಧನೆಯನ್ನೂ ತೋರಿಸಬೇಕು, ಬಡತನವನ್ನೂ ತೋರಿಸಬೇಕು. ಹಾಗಾಗಿ ಮಾಸಾಶನ ಪಡೆಯುವ ತಮಟೆಯವನೋ ತಂಬೂರಿಯವನೋ ಉತ್ಸವವೊಂದರಲ್ಲಿ ಕಾರ್ಯಕ್ರಮ ನೀಡಿ ಸಂಭಾವನೆ ಪಡೆದಾಗ ಗೊಂದಲಕ್ಕೊಳಗಾಗುತ್ತಾನೆ. ಸಂಭಾವನೆ ಈಗ ನೇರವಾಗಿ ಬ್ಯಾಂಕಿನ ಖಾತೆಗೆ ಬರುತ್ತದೆ, ಮಾಸಾಶನವೂ ಅದೇ ಖಾತೆಗೆ ಬರುತ್ತದೆ. ಎರಡೂ ಒಂದೇ ಪುಸ್ತಕದಲ್ಲಿ ಕಂಡರೆ ಒಂದು ನಿಂತೀತೆಂಬ ಅಳುಕಿನಿಂದ ಮೇಳದ ಇನ್ನೊಬ್ಬನ ಹೆಸರಿಗೆ ಸಂಭಾವನೆ ಬರೆಸುವವರಿದ್ದಾರೆ. ಅಂಥ ಕಲಾವಿದನ ಹೆಸರು ಕಾರ್ಯಕ್ರಮಗಳ ದಾಖಲೆಯಿಂದ ಮರೆಯಾಗುತ್ತದೆ. ಮುಂದೆ ಪ್ರಶಸ್ತಿಗೋ ಸಂಶೋಧನೆಗೋ ಹುಡುಕುವಾಗ ಅವನು ಸಿಗುವುದಿಲ್ಲ. ಜಾನಪದ ಸಂಶೋಧಕರು ಕಲಾವಿದರ ಪಟ್ಟಿಗಳನ್ನು ಬಳಸುವಾಗ ಈ ಮರೆವಿನ ಕಾರಣವನ್ನು ನೆನಪಿನಲ್ಲಿಡಬೇಕು.

ವರ್ಷಕ್ಕೊಮ್ಮೆ ಮಾಸಾಶನದಾರರು ಬದುಕಿರುವ ಬಗ್ಗೆ ಪ್ರಮಾಣಪತ್ರ ಒಪ್ಪಿಸಬೇಕು. ಬಿಡಿ ಕಾರ್ಯಕ್ರಮಗಳ ಸಂಭಾವನೆ ಸರ್ಕ್ಯೂಟಿನ ಸಂಬಳವಲ್ಲ. ವರ್ಷಕ್ಕೆ ಮೂರೋ ನಾಲ್ಕೋ ಬಾರಿ ಸಿಗುವಂಥದ್ದು. ಅದನ್ನು ನಿಯತ ಆದಾಯವೆಂದು ಎಣಿಸುವುದು ಆಯದಾರ ಬಡಗಿಗೆ ಹೊಸ ಗಾಡಿಯ ಕೂಲಿ ಕೊಟ್ಟು ಸುಗ್ಗಿಯ ಮೊರವನ್ನು ಹಿಂದಕ್ಕೆ ಪಡೆದಂತೆ. ಮಾಸಾಶನ ನಿಜವಾಗಿ ಕಳೆದುಕೊಳ್ಳುವ ಸಂದರ್ಭ ಬೇರೆ. ಸಂಧ್ಯಾ ಸುರಕ್ಷಾ ಮೊದಲಾದ ಯೋಜನೆಗಳಲ್ಲಿ ಬೇರೆ ಪಿಂಚಣಿ ಪಡೆಯುತ್ತಿರಬಾರದೆಂಬ ಷರತ್ತಿದೆ. ಒಬ್ಬರಿಗೆ ಎರಡು ಪಿಂಚಣಿ ಸಲ್ಲುವುದಿಲ್ಲ. ದುಡಿಮೆ ತರದ ಆಪತ್ತನ್ನು ಎರಡನೆಯ ಅರ್ಜಿ ತರಬಹುದು.

ಮಾಜಿ ದೇವದಾಸಿಯರ ಮಾಸಾಶನದ ಆಧಾರ ಇನ್ನೂ ಬೇರೆ. ೧೯೯೩–೯೪ ಮತ್ತು ೨೦೦೭–೦೮ರ ಸಮೀಕ್ಷೆಗಳಲ್ಲಿ ಗುರುತಿಸಲಾದ ಒಟ್ಟು ೪೬,೬೬೦ ಮಹಿಳೆಯರ ಪಟ್ಟಿಯಲ್ಲಿ ಹೆಸರಿರುವುದು ಅಲ್ಲಿ ಮೂಲಭೂತ ಅರ್ಹತೆ. ಸವದತ್ತಿ ಎಲ್ಲಮ್ಮನ ಪರಂಪರೆಯ ಚೌಡಿಕೆ ಹಾಡುಗಾರ್ತಿಯರಲ್ಲಿ ಹಲವರು ಕೂಲಿಯನ್ನೂ ಮಾಡುತ್ತಾರೆ, ಹಾಡಿಗೂ ಹೋಗುತ್ತಾರೆ. ಅನ್ಯಾಯವೊಂದಕ್ಕೆ ಸಮಾಜ ಸಲ್ಲಿಸುವ ಪರಿಹಾರವೆಂದು ಈ ಮಾಸಾಶನವನ್ನು ಗ್ರಹಿಸಿದರೆ ದುಡಿಮೆಯ ಪ್ರಶ್ನೆಯೇ ಅಲ್ಲಿ ಅಪ್ರಸ್ತುತವಾಗುತ್ತದೆ. ಪಟ್ಟಿಯಿಂದ ಹೊರಗುಳಿದವರ ಸಮಸ್ಯೆ ಮಾತ್ರ ಎಷ್ಟು ಕಡಿಮೆ ದುಡಿದರೂ ತೀರುವಂಥದ್ದಲ್ಲ.

ಬಾಯಿಮಾತಿನ ನಿಯಮ

ಮೇಲೆ ವಿವರಿಸಿದ ನಿಯಮಗಳನ್ನು ಒಟ್ಟಾಗಿ ನೋಡಿದಾಗ ದುಡಿಮೆ ಆರಂಭಿಸಿದ ಮಾತ್ರಕ್ಕೆ ನಿಲ್ಲುವ ಸವಲತ್ತುಗಳು ಬೆರಳೆಣಿಕೆಯವು ಎಂಬುದು ತಿಳಿಯುತ್ತದೆ. ಊರಿನ ಮಾತು ಮಾತ್ರ ಇದಕ್ಕೆ ವಿರುದ್ಧವಾಗಿದೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಮೌಖಿಕ ಪರಂಪರೆ ಘಟನೆಗಳನ್ನು ಉಳಿಸಿಕೊಳ್ಳುತ್ತದೆ, ಉಪನಿಯಮಗಳನ್ನಲ್ಲ. ಪಕ್ಕದ ಊರಿನ ಒಬ್ಬಳ ಪಿಂಚಣಿ ನಿಂತದ್ದು ಘಟನೆ. ಅದು ನಿಂತದ್ದು ಆಧಾರ್ ಜೋಡಣೆಯ ದೋಷದಿಂದಲೋ ಮರುಮದುವೆಯಿಂದಲೋ ಆದಾಯ ಪತ್ರದ ಅವಧಿ ಮುಗಿದುದರಿಂದಲೋ ಎಂಬುದು ಕಥನದಲ್ಲಿ ನಿಲ್ಲುವುದಿಲ್ಲ. ಅವಳು ಆ ವರ್ಷ ಕೂಲಿಗೆ ಹೋಗಿದ್ದಳು ಎಂಬುದು ನಿಲ್ಲುತ್ತದೆ, ಏಕೆಂದರೆ ಅದನ್ನು ಎಲ್ಲರೂ ಕಂಡಿದ್ದರು. ಐತಿಹ್ಯಗಳು ಹುಟ್ಟುವ ಬಗೆಯೂ ಇದೇ.

ಹಿಂದೆ ಊರಿಗೆ ಸಂಬಂಧಿಸಿದ ಆಜ್ಞೆಯನ್ನು ತಳವಾರ ಡಂಗುರ ಸಾರಿ ತಿಳಿಸುತ್ತಿದ್ದ. ಕೇಳಿದವರು ಅಲ್ಲಿಯೇ ಪ್ರಶ್ನಿಸಬಹುದಾಗಿತ್ತು. ತಪ್ಪು ತಿಳಿದವನನ್ನು ಪಕ್ಕದವನು ತಿದ್ದುತ್ತಿದ್ದ. ಇಂದು ಆದೇಶಗಳು ಜಾಲತಾಣದಲ್ಲಿಯೂ ಕಚೇರಿಯ ಸೂಚನಾ ಫಲಕದಲ್ಲಿಯೂ ಇರುತ್ತವೆ, ಮೊಬೈಲಿಗೆ ಬರುವ ಸಂದೇಶ ಹಣ ಜಮೆಯಾದುದನ್ನು ಹೇಳುತ್ತದೆ, ನಿಂತುದರ ಕಾರಣವನ್ನು ಹೇಳುವುದಿಲ್ಲ. ಆಹಾರ ಭದ್ರತಾ ಕಾಯಿದೆಯಲ್ಲಿ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ, ಅಲ್ಲಿಂದ ರಾಜ್ಯ ಆಹಾರ ಆಯೋಗಕ್ಕೆ ದೂರು ಒಯ್ಯುವ ಅವಕಾಶವಿದೆ. ಅರ್ಹ ಕುಟುಂಬಗಳ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು, ಸಾಮಾಜಿಕ ಪರಿಶೋಧನೆ ನಡೆಯಬೇಕು ಎಂದೂ ಅದು ವಿಧಿಸುತ್ತದೆ. ಫಲಾನುಭವಿಗಳ ಹೆಸರುಗಳನ್ನು ಗ್ರಾಮಸಭೆಯಲ್ಲಿ ಓದುವುದು ಈಗಲೂ ಹಲವೆಡೆ ನಡೆಯುತ್ತದೆ. ಸೇರಿದವರ ಹೆಸರಿನ ಜೊತೆಗೆ ಕೈಬಿಟ್ಟವರ ಹೆಸರನ್ನೂ, ಕೈಬಿಟ್ಟ ಕಾರಣವನ್ನೂ ಅದೇ ಸಭೆಯಲ್ಲಿ ಗಟ್ಟಿಯಾಗಿ ಓದಿದರೆ, ಪಕ್ಕದೂರಿನ ಹೆಂಗಸಿನ ಪಿಂಚಣಿ ಆಧಾರ್ ದೋಷದಿಂದ ನಿಂತಿತೆಂಬುದೂ ಅವಳು ಕೂಲಿಗೆ ಹೋಗಿದ್ದಳೆಂಬ ಮಾತಿನಷ್ಟೇ ದೂರ ಹೋಗಬಲ್ಲದು.